ಒಂದು ಗೇಣು ನೆಲ ಬಿಟ್ಟು

ಎದುರು ಫ್ಲ್ಯಾಟಿನಲ್ಲಿ ಕೆಲವು ದಿನಗಳಿಂದ ಬಡಗಿಗಳು ಕೆಲಸ ಮಾಡುತ್ತಿದ್ದಾರೆ. ಮಧ್ಯಾಹ್ನದ ಊಟದ ಮೇಲೆ ಎರಡು ತಾಸು ಸುತ್ತಿಗೆ, ಗರಗಸ ಮುಟ್ಟಬಾರದೆಂದು ನಮ್ಮ ಸೊಸೈಟಿಯ ನಿಯಮವಿದೆ. ಕೆಳಗೆ ಲಿಫ್ಟಿನ ಪಕ್ಕ ಬೋರ್ಡಿನ ಮೇಲೆ ಬರೆದೂ ಹಾಕಿದ್ದಾರೆ. ಅದನ್ನು ಓದಿದವಳು ಇಡೀ ಬಿಲ್ಡಿಂಗಿನಲ್ಲಿ ನಾನೊಬ್ಬಳೇ ಎಂದು ನನ್ನ ಅನುಮಾನ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತ ತಲೆ ಹಣ್ಣಾದವಳಿಗೆ ಗದ್ದಲ ಅಡಗಿಸುವುದೇನೂ ಹೊಸದಲ್ಲ. ನಿನ್ನೆ ಮಧ್ಯಾಹ್ನ ಜಗಳ ಮಾಡಲೆಂದೇ ಕನ್ನಡಕ ಏರಿಸಿಕೊಂಡು ಬಾಗಿಲು ತೆಗೆದೆ.

ಪ್ಯಾಸೇಜಿನಲ್ಲಿ ಬಡಗಿ ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿಕೊಂಡು ಕೊಯ್ಯುತ್ತಿದ್ದ. ಸಾಗವಾನಿ ಬಾಗಿಲು. ಗರಗಸದ ಬಾಯಿಂದ ಕೆಂಪು ಹುಡಿ ಉದುರುತ್ತಿತ್ತು, ಜೊತೆಗೇ ಆ ವಾಸನೆ. ಸ್ವಲ್ಪ ಎಣ್ಣೆ, ಸ್ವಲ್ಪ ಕಹಿ, ಹಳೇ ಚರ್ಮದ ಚೀಲ ತೆರೆದ ಹಾಗೆ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. "ಕ್ಯಾ ಹುವಾ, ಮೌಸಿ?" ಎಂದು ಅವನು ತಲೆಯೆತ್ತಿದ. "ಕುಛ್ ನಹೀಂ. ಕಾಟೋ," ಎಂದು ಕೊಯ್ಯಲು ಹೇಳಿ ಬಾಗಿಲು ಹಾಕಿಕೊಂಡು ಬಂದೆ. ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ಆ ವಾಸನೆ ನನ್ನನ್ನು ಸೀದಾ ವಿಕ್ರೋಳಿಯ ಒಂದು ಮಳೆಗಾಲಕ್ಕೆ ಒಯ್ದು ಬಿಟ್ಟಿತ್ತು.

ಅದು ನನ್ನ ಗಂಡ ಗುರುನಾಥ ತೀರಿಕೊಂಡ ಮರುವರ್ಷ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಪೇಪರು ಓದುತ್ತ ಕೂತವರು ಕೂತಲ್ಲೇ ಹೋದರು. ಅದರ ಬೆನ್ನಿಗೇ ಏಪ್ರಿಲ್‌ನಲ್ಲಿ ನಾನು ನಿವೃತ್ತಳಾದೆ. ನಾನು ನಿವೃತ್ತಳಾದೆ ಎನ್ನುವುದಕ್ಕಿಂತ ನಮ್ಮ ಕನ್ನಡ ವರ್ಗಕ್ಕೆ ಮಕ್ಕಳೇ ಮುಗಿದುಹೋದರು ಎಂದರೆ ಸರಿ. ನಮಗೆ ಮಕ್ಕಳಿಲ್ಲ. ಇದ್ದಕ್ಕಿದ್ದ ಹಾಗೆ ಮನೆಯಲ್ಲಿ ನಾನು, ಗೋಡೆ ಗಡಿಯಾರ ಎರಡೇ ಉಳಿದೆವು. ದಿನವಿಡೀ ಯಾರ ಜೊತೆಗೂ ಮಾತಿಲ್ಲದೆ ಸಂಜೆ ಭಾಜಿಯವನ ಹತ್ತಿರ ಬಾಯಿ ಬಿಟ್ಟರೆ ಗಂಟಲು ಕಟ್ಟಿರುತ್ತಿತ್ತು. ಕೆಮ್ಮಿ ಸರಿ ಮಾಡಿಕೊಂಡು ಕೊತ್ತಂಬರಿಯ ರೇಟು ಕೇಳುತ್ತಿದ್ದೆ. ಒಬ್ಬಳಿಗೆ ಎಷ್ಟು ಅನ್ನ ಇಡಬೇಕು ಎನ್ನುವುದು ಗಣಿತದ ಟೀಚರಿಗೆ ಬಹಳ ದಿನ ಗೊತ್ತಾಗಲಿಲ್ಲ.

ಗುರುನಾಥ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದರು. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಕಟ್ಟಿಗೆಯಲ್ಲಿ ಕೆತ್ತಿ ಕೊಡುವ ಕೆಲಸ. ಹುಬ್ಬಳ್ಳಿಯ ಬಡಗಿ ಮನೆತನದವರು, ಅಳತೆ ಅವರ ಮೈಯಲ್ಲೇ ಇತ್ತು. ಚಹಾಕ್ಕೆ ಹಾಕುವ ಸಕ್ಕರೆಯನ್ನೂ ಚಮಚೆಯ ಮೇಲೆ ಬೆರಳು ಎಳೆದು ಸಮ ಮಾಡುತ್ತಿದ್ದರು. ಅಂಥವರು ಪ್ರತಿ ಭಾನುವಾರ ಮನೆ ಬಿಟ್ಟು ಹೋಗಿ ಮಾಡುತ್ತಿದ್ದುದು ಏನೆಂದರೆ, ವಿಮಾನ ಕಟ್ಟುವುದು. ಹೇಳಿದರೆ ಜನ ನಗುತ್ತಿದ್ದರು, ಹಾಗಾಗಿ ನಾನು ಯಾರಿಗೂ ಹೇಳುತ್ತಿರಲಿಲ್ಲ. ಇಬ್ಬರು ಕೂರುವ ಸಣ್ಣ ವಿಮಾನ, ಸ್ವಂತ ಕೈಯಿಂದ. ನಾನು ಅದನ್ನು ಸವತಿ ಎಂದು ಕರೆಯುತ್ತಿದ್ದೆ. "ಸವತಿ ಹೆಂಗದಾಳ್ರಿ ಇವತ್ತ?" ಎಂದರೆ, "ಇವತ್ತ ಬಾಲ ಬಂತು," ಎಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದರು.

ಈ ಹುಚ್ಚಿನಲ್ಲಿ ಅವರ ಪಾಲುದಾರರು ಸದಾನಂದ ಶೆಟ್ಟರು. ಉಡುಪಿ ಕಡೆಯವರು, ದಾದರ್‌ನಲ್ಲಿ ಅಪ್ಪನ ಕಾಲದ ಹೋಟೆಲು. ಹರೆಯದಲ್ಲಿ ಫ್ಲೈಯಿಂಗ್ ಕ್ಲಬ್ಬಿಗೆ ಹೋಗಿ ಲೈಸೆನ್ಸು ಪಡೆದವರು, ಆಮೇಲೆ ಅಪ್ಪ ತೀರಿಕೊಂಡು, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಇವರ ಜೀವನ ಕಳೆಯಿತು. ಮದುವೆ ಆಗಿರಲಿಲ್ಲ. ಹೋಟೆಲಿನ ಹಳೇ ಮೇಜು, ಕಡಾಯಿ ಇಡಲೆಂದು ವಿಕ್ರೋಳಿಯಲ್ಲಿ ಒಂದು ಗಾಳಾ ಹಿಡಿದಿದ್ದರು. ಸಣ್ಣ ಕಾರ್ಖಾನೆಗಳಿಗೆಂದು ಸಾಲಾಗಿ ಕಟ್ಟಿ ಬಾಡಿಗೆ ಕೊಡುವ ಶೆಡ್ಡಿನಂಥ ಕೋಣೆಗಳನ್ನು ಇಲ್ಲಿ ಗಾಳಾ ಎನ್ನುತ್ತಾರೆ. ಅದರಲ್ಲೇ ಮೇಜು ಸರಿಸಿ ವಿಮಾನಕ್ಕೆ ಜಾಗ ಮಾಡಿಕೊಂಡಿದ್ದರು.

ಮಳೆ ಹಿಡಿದ ಮೊದಲ ವಾರದಲ್ಲಿ ಶೆಟ್ಟರ ಫೋನು ಬಂತು. "ಅತ್ತಿಗೆ, ಗುರುನಾಥನ ಉಳಿ, ಗರಗಸ ಎಲ್ಲ ಇಲ್ಲಿಯೇ ಉಂಟು. ಈ ತೇವಕ್ಕೆ ತುಕ್ಕು ಹಿಡಿತದೆ. ಒಮ್ಮೆ ಬಂದು ತಕ್ಕೊಂಡು ಹೋಗ್ತೀರಾ?"

ಹೋದೆ. ಗಾಳಾದ ಹಿಂದೆಯೇ ನಾಲೆ. ಜೋರು ಮಳೆ ಬಂದರೆ ಅದರ ನೀರು ಒಳಗೆ ಬರುತ್ತದೆ. ಹಾಗಾಗಿ ಪ್ರತಿ ಮಳೆಗಾಲ ಇವರಿಬ್ಬರೂ ವಿಮಾನವನ್ನು ಸರಪಳಿ ಹಾಕಿ ಛಾವಣಿಯ ಗರ್ಡರಿಗೆ ತೂಗುಹಾಕುತ್ತಿದ್ದರು. ಶಟರಿನ ಕೆಳಗೆ ಬಗ್ಗಿ ಒಳಗೆ ಹೋದವಳು ತಲೆಯೆತ್ತಿದರೆ ಎದುರಿಗೆ ಅದು ನೆಲ ಬಿಟ್ಟು ನಿಂತಿತ್ತು. ರೆಕ್ಕೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಗಾಲಿ ಸಿಕ್ಕಿಸಿದ ಎರಡು ಕಾಲು ಕೆಳಗೆ ಜೋತುಬಿದ್ದಿದ್ದವು. ನನ್ನ ಸವತಿಯನ್ನು ನಾನು ನೋಡಿದ್ದು ಅದೇ ಮೊದಲು, ಅವರು ಹೋದ ಮೇಲೆ.

ಗೋಡೆಯ ಮೇಲೆ ಎರಡು ಗೂಟದ ನಡುವೆ ಪ್ರೊಪೆಲರ್ ಇತ್ತು. ಇಬ್ಬರೂ ಅದನ್ನು ಪಂಖಾ ಎನ್ನುತ್ತಿದ್ದರು. ಗಿರಗಾಂವದಲ್ಲಿ ಕೆಡವಿದ ಒಂದು ಚಾಳಿನ ಸಾಗವಾನಿ ತೊಲೆಯನ್ನು ಗುರುನಾಥ ಹಲಗೆ ಹಲಗೆಯಾಗಿ ಸೀಳಿ, ಒಂದರ ಮೇಲೊಂದು ಅಂಟಿಸಿ, ಹಿಂದಿನ ಮಳೆಗಾಲವಿಡೀ ಕೂತು ಕೆತ್ತಿದ್ದರು. ಅವರಿಗಿಂತ ಉದ್ದ ಇತ್ತು. ನಡುವಿನಿಂದ ತುದಿಯವರೆಗೆ ಹೊರಳುತ್ತ ಹೊರಳುತ್ತ ತೆಳುವಾಗುತ್ತ ಹೋಗಿತ್ತು. ಹಲಗೆಗಳ ಗೆರೆ ನೀರಿನ ಅಲೆಯ ಹಾಗೆ ಕಾಣುತ್ತಿದ್ದವು. ಅವರ ಕೈಯಿಂದ ಬಂದ ಕೊನೆಯ ಕೆಲಸ ಅದು. ಮುಟ್ಟಲೋ ಬೇಡವೋ ಎಂದು ಅಳೆದೂ ಸುರಿದೂ ಕೊನೆಗೆ ಒಂದು ಬೆರಳಿಟ್ಟೆ.

"ಕೂತು ನೋಡಿ, ಅತ್ತಿಗೆ," ಎಂದು ಶೆಟ್ಟರು ಏಣಿ ಇಟ್ಟರು. ಬೇಡವೆಂದೆ. ಅವರು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡದೆ ಇದ್ದುದಕ್ಕೇ ಹತ್ತಿದೆ.

ಒಳಗೆ ಅಕ್ಕಪಕ್ಕ ಎರಡು ಸೀಟು. ಎಡಗಡೆಯದು ಓಡಿಸುವವರದು, ಬಲಗಡೆಯದು ಗುರುನಾಥರದು ಎಂದು ನಾನು ತಿಳಿದಿದ್ದೆ. ಅಲ್ಲೇ ಕುಳಿತೆ. ಮತ್ತು ಅದು ನನಗೆ ಸರಿಯಾಗಿ ಹೊಂದಿತು. ಗುರುನಾಥ ಬಡಕಲು ಆಳು. ನಾನು ಹಾಗಲ್ಲ, ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ ನನ್ನನ್ನು ಯಾರೂ ಕರೆಯುವುದಿಲ್ಲ. ಆಗ ನೆನಪಾಯಿತು. ಒಂದು ದಿನ ಅಡುಗೆಮನೆಯ ಇದೇ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಟೇಪು ಹಿಡಿದು ಸೊಂಟದ ಅಗಲ ಅಳೆದಿದ್ದರು. "ನಿನಗೊಂದು ಕುರ್ಚಿ ಮಾಡಬೇಕು," ಎಂದಿದ್ದರು. "ಈ ವಯಸ್ಸಿನ್ಯಾಗ ಎಂಥಾ ಅಳತಿ ಇದು, ನಾಚಿಕಿ ಆಗೂದಿಲ್ಲೇನು?" ಎಂದು ನಾನು ಸೌಟು ತೋರಿಸಿದ್ದೆ. ಕುರ್ಚಿ ಬರಲೇ ಇಲ್ಲ, ನಾನೂ ಮರೆತಿದ್ದೆ.

"ನಿಮಗೆ ಗೊತ್ತಿತ್ತೇನ್ರಿ, ಶೆಟ್ರ?" ಎಂದು ಕೇಳಿದೆ.

"ಗೊತ್ತಿತ್ತು. ನಾನು ಓಡಿಸುವುದು, ನೀವು ಕೂರುವುದು, ಅವನು ಕೆಳಗೆ ನಿಂತು ನೋಡುವುದು. ಅವನದ್ದೇ ಪ್ಲಾನು. ನಿಮಗೆ ಹೇಳಬಾರದು ಅಂತ ಇತ್ತು."

ಉಳಿ, ಗರಗಸ ತರಲು ಹೋದವಳು ಅವನ್ನು ಅಲ್ಲೇ ಬಿಟ್ಟು ಬಂದೆ. ಮರುದಿನ ಮತ್ತೆ ಹೋದೆ.

ಆ ಮಳೆಗಾಲವಿಡೀ ಹೋದೆ. ಶೆಟ್ಟರು ಹೋಟೆಲನ್ನು ಸೋದರಳಿಯನ ಕೈಗೆ ಬಿಟ್ಟು ಬರುತ್ತಿದ್ದರು, ಟಿಫಿನ್ ಡಬ್ಬಿಯಲ್ಲಿ ಇಡ್ಲಿ ಹಿಡಿದುಕೊಂಡು. ನಾನು ಸೀಟಿನ ಕವರು ಹೊಲಿದೆ, ರೆಕ್ಕೆಯ ಬಟ್ಟೆಯ ಅಂಚು ಅಂಟಿಸಿದೆ, ಸ್ಯಾಂಡ್‌ಪೇಪರ್ ಉಜ್ಜಿದೆ. ಅವರು ಇಂಜಿನ್ನಿನ ಹತ್ತಿರ ಇರುತ್ತಿದ್ದರು. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ತಗಡಿನ ಮೇಲೆ ಬೀಳುವ ಮಳೆಗೆ ಮಾತು ಕೇಳುತ್ತಲೂ ಇರಲಿಲ್ಲ. ಇಬ್ಬರೂ ಒಬ್ಬನೇ ಮನುಷ್ಯನನ್ನು ಕಳೆದುಕೊಂಡವರು, ಆದರೆ ಅದನ್ನು ಹಂಚಿಕೊಳ್ಳಲು ಬರಲಿಲ್ಲ. ಅವರ ಗುರುನಾಥ ಬೇರೆ, ನನ್ನ ಗುರುನಾಥ ಬೇರೆ ಇದ್ದರೋ ಏನೋ. ನೀರು ಒಳಗೆ ಬಂದ ದಿನ ಇಬ್ಬರೂ ಹೋಟೆಲಿನ ಮೇಜಿನ ಮೇಲೆ ಕಾಲು ಮಡಚಿ ಕೂತು, ತೂಗುವ ವಿಮಾನವನ್ನು ನೋಡುತ್ತ ಇಡ್ಲಿ ತಿನ್ನುತ್ತಿದ್ದೆವು. ಸಂಜೆ ಮನೆಗೆ ಬಂದರೆ ಬೀಗ ತೆಗೆಯುವ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಆದರೂ ನಾಳೆ ಎನ್ನುವುದೊಂದು ಇತ್ತು.

ಪಂಖಾ ಅಷ್ಟು ಉದ್ದ ಯಾಕೆ ಎಂದು ಒಮ್ಮೆ ಕೇಳಿದೆ. ಶೆಟ್ಟರು ಛಾವಣಿಯ ಫ್ಯಾನು ತೋರಿಸಿದರು. ದೊಡ್ಡ ಫ್ಯಾನು ನಿಧಾನ ತಿರುಗಿದರೂ ಇಡೀ ಕೋಣೆಗೆ ಗಾಳಿ ಕೊಡುತ್ತದೆ, ಸಣ್ಣ ಟೇಬಲ್ ಫ್ಯಾನು ಎಷ್ಟು ಗಿರ್ರೆಂದರೂ ಅಷ್ಟೇ. ನಾವು ಹಾರಬೇಕಾದ ಹುಲ್ಲಿನ ಪಟ್ಟಿ ಘಟ್ಟದ ಆಚೆ, ಶೆಟ್ಟರ ಗೆಳೆಯರೊಬ್ಬರ ಜಮೀನಿನಲ್ಲಿತ್ತು. ಬಹಳ ಗಿಡ್ಡ. ಅಷ್ಟರಲ್ಲಿ ಒಬ್ಬರನ್ನು ಎತ್ತಲು ಗಿಡ್ಡ ಪಂಖಾ ಸಾಕು, ಇಬ್ಬರನ್ನು ಎತ್ತಲು ಉದ್ದದ್ದೇ ಬೇಕು. ಹಾಗಂತ ಬೇಕಾದಷ್ಟು ಉದ್ದ ಮಾಡಲೂ ಬರುವುದಿಲ್ಲ. ಶಾಲೆಯ ಡ್ರಿಲ್ಲಿನಲ್ಲಿ ಮಕ್ಕಳ ಸಾಲು ತಿರುಗುವಾಗ ನಡುವಿನವನು ನಿಂತಲ್ಲೇ ತಿರುಗಿದರೆ ತುದಿಯವನು ಓಡಬೇಕು. ಪಂಖಾದ ತುದಿಯೂ ಹಾಗೇ ಓಡುತ್ತದೆ, ಉದ್ದ ಹೆಚ್ಚಿದಷ್ಟೂ ಹೆಚ್ಚು. ಮಿತಿ ಮೀರಿ ಓಡಿದರೆ ಬರೀ ಗದ್ದಲ, ಎಳೆತವಿಲ್ಲ. ಎಲ್ಲಕ್ಕಿಂತ ಮೊದಲಿನ ಮಾತು ನೆಲದ್ದು. ತಿರುಗುವ ತುದಿಗೂ ನೆಲಕ್ಕೂ ನಡುವೆ ಒಂದು ಗೇಣಾದರೂ ಇರಬೇಕು. ನೆಲಕ್ಕೆ ತಾಗಿತೋ, ಪಂಖಾವೂ ಇಲ್ಲ, ವಿಮಾನವೂ ಇಲ್ಲ, ಒಳಗಿದ್ದವರೂ ಇಲ್ಲ.

"ಗುರುನಾಥ ಅಳತೆ ಮಾಡಿಯೇ ಕೆತ್ತಿದ್ದು. ಗೇಣಿಗಿಂತ ಒಂದು ಕೂದಲು ಜಾಸ್ತಿಯೇ ಉಂಟು ಅಂದಿದ್ದ," ಎಂದರು ಶೆಟ್ಟರು.

ಮಳೆ ಇಳಿಯಿತು. ಗಣಪತಿಗಳು ನೀರಿಗೆ ಹೋದ ಮೇಲೆ ಒಂದು ದಿನ ವಿಮಾನವನ್ನು ಕೆಳಗಿಳಿಸಿದೆವು. ಹಿಂದಿನ ವರ್ಷ ಇಳಿಸಿದಾಗ ಅದಕ್ಕೆ ಇಂಜಿನ್ ಇರಲಿಲ್ಲ. ಇಂಜಿನ್ ಬಂದದ್ದೇ ಗುರುನಾಥ ಹೋದ ಮೇಲೆ. ಈಗ ಎಲ್ಲ ಇತ್ತು. ರೆಕ್ಕೆ ಜೋಡಿಸಿದೆವು, ಪೆಟ್ರೋಲು ತುಂಬಿದೆವು, ಎರಡೂ ಸೀಟಿನಲ್ಲಿ ಹೋಟೆಲಿನ ಅಕ್ಕಿ ಮೂಟೆ ಇಟ್ಟೆವು, ಅವರ ತೂಕಕ್ಕೊಂದು, ನನ್ನ ತೂಕಕ್ಕೊಂದು. ನನ್ನ ತೂಕ ನಾನು ಸ್ವಲ್ಪ ಕಡಿಮೆ ಹೇಳಿದ್ದೆ, ಶೆಟ್ಟರು ಇನ್ನೊಂದು ಸಣ್ಣ ಚೀಲ ಸೇರಿಸಿದರು. ಈ ವಿಮಾನ ನಿಂತಾಗ ಬಾಲ ನೆಲಕ್ಕೂರಿ ಮೂಗು ಮೇಲಿರುತ್ತದೆ. ಓಡುವಾಗ ಬಾಲ ಎದ್ದು ಮೂಗು ಕೆಳಗಾಗುತ್ತದೆ, ಪಂಖಾ ನೆಲಕ್ಕೆ ಹತ್ತಿರ ಬರುವುದು ಆಗಲೇ. ಅದಕ್ಕೆ ಬಾಲವನ್ನು ಎತ್ತಿ ಒಂದು ಮೇಜಿನ ಮೇಲಿಟ್ಟೆವು. ಶೆಟ್ಟರು ಪಂಖಾವನ್ನು ಗೋಡೆಯಿಂದ ತಂದು ಮೂಗಿಗೆ ಕೂರಿಸಿ ನೆಟ್ಟಗೆ ನಿಲ್ಲಿಸಿದರು. ನಾನು ಮೊಣಕಾಲೂರಿ ತುದಿಗೂ ನೆಲಕ್ಕೂ ನಡುವೆ ಕೈ ಅಗಲಿಸಿದೆ. ಹೆಬ್ಬೆರಳು ನೆಲದ ಮೇಲೆ, ಕಿರುಬೆರಳು ಮೇಲೆ ಹೋಗಬೇಕು. ಹೋಗಲಿಲ್ಲ. ಕೈ ಮಡಚಬೇಕಾಯಿತು.

"ಇನ್ನೊಮ್ಮೆ ನೋಡ್ರಿ. ನೆಲಾ ಸರಿ ಇಲ್ಲ ಇಲ್ಲಿ, ಇಳಿಜಾರೈತಿ," ಎಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶೆಟ್ಟರು ಹಾಗನ್ನಲಿಲ್ಲ. ಸುಮ್ಮನೆ ವಿಮಾನವನ್ನು ಇನ್ನೊಂದು ಮೂಲೆಗೆ ತಳ್ಳಿದರು, ಸ್ಪಿರಿಟ್ ಲೆವೆಲ್ ಇಟ್ಟು ತೋರಿಸಿದರು. ಅಲ್ಲಿಯೂ ಅಷ್ಟೇ. ನಾಲ್ಕು ಬೆರಳು ಕಡಿಮೆ.

"ಟೈರಿಗೆ ಹವಾ ಕಡಿಮಿ ಐತಿ," ಎಂದೆ. ಹವಾ ಹೊಡೆಸಿದರು. ಸ್ವಲ್ಪ ಏರಿತು, ಏರಿತೆಂದು ಹೇಳಿಕೊಳ್ಳುವಷ್ಟಲ್ಲ.

"ಅತ್ತಿಗೆ, ಅಳತೆಯೇ ತಪ್ಪಿರಬೇಕು."

"ಅವರು ಅಳತಿ ತಪ್ಪೂ ಮನಷ್ಯಾ ಅಲ್ಲ್ರಿ. ನೀವು ಇಂಜಿನ್ ಕೂಡಸುವಾಗ ಏನರ ಮಾಡೀರಿ, ನೋಡಕೊಳ್ರಿ," ಎಂದು ಒರಟಾಗಿಯೇ ಹೇಳಿ ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಸತ್ತವರಿಗೆ ತಮ್ಮ ಪರವಾಗಿ ಮಾತಾಡಲು ಬರುವುದಿಲ್ಲ, ಯಾರಾದರೂ ಆಡಬೇಕಲ್ಲ.

ಮನೆಗೆ ಬಂದು ಅಡುಗೆ ಮಾಡದೆ ಕೂತು ಯೋಚಿಸಿದೆ. ಅವರು ಅಳೆದದ್ದು ಯಾವಾಗ? ಹಿಂದಿನ ಮಳೆಗಾಲ. ಆಗ ವಿಮಾನ ಎಲ್ಲಿತ್ತು? ಮೇಲೆ, ಸರಪಳಿಯಲ್ಲಿ. ಅದರ ಕಾಲುಗಳು ಸ್ಪ್ರಿಂಗ್ ಉಕ್ಕಿನ ಪಟ್ಟಿಗಳು. ತೂಗುತ್ತಿರುವಾಗ ಅವಕ್ಕೆ ಭಾರವಿಲ್ಲ, ಕೆಳಕ್ಕೆ ನೇರವಾಗಿ ಚಾಚಿಕೊಂಡಿರುತ್ತವೆ. ನೆಲಕ್ಕಿಳಿದು ಇಂಜಿನ್, ಪೆಟ್ರೋಲು, ಇಬ್ಬರು ಮನುಷ್ಯರ ಭಾರ ಬಿದ್ದೊಡನೆ ಅವು ಆಚೀಚೆ ಹರಡಿಕೊಂಡು ಮೈ ಕೆಳಗೆ ಕೂರುತ್ತದೆ. ನಾನು ಎದ್ದಾಗ ಸೋಫಾದ ಮೆತ್ತೆಯ ಎತ್ತರ ಬೇರೆ, ಕೂತಾಗಿನದು ಬೇರೆ. ಗುರುನಾಥ ಅಳತೆ ತಪ್ಪಲಿಲ್ಲ. ಭಾರವಿಲ್ಲದ ಕಾಲನ್ನು ಅಳೆದರು. ಬೇರೆ ಊರಿನವರಾದರೆ ವಿಮಾನವನ್ನು ನೆಲದ ಮೇಲೆ ಇಟ್ಟುಕೊಂಡು ಕಟ್ಟುತ್ತಿದ್ದರು. ನಾಲೆಯ ಪಕ್ಕ ಕಟ್ಟಿದವರಿಗೆ ಮಾತ್ರ ಬರುವ ತಪ್ಪು ಇದು. ಆದರೂ ತಪ್ಪು ತಪ್ಪೇ. ನಾನು ಮಕ್ಕಳ ಉತ್ತರ ಪತ್ರಿಕೆಯಲ್ಲಿ ಇಂಥದ್ದಕ್ಕೆ ಅರ್ಧ ಮಾರ್ಕು ಕೊಟ್ಟದ್ದಿಲ್ಲ. ಅಂದು ಬಹಳ ಅತ್ತೆ. ಅವರು ಹೋದಾಗ ಬಂದ ಜನರ ನಡುವೆ ಸರಿಯಾಗಿ ಅಳಲು ಆಗಿರಲಿಲ್ಲ.

ಮರುದಿನ ಹೋಗಿ ಶೆಟ್ಟರಿಗೆ ಹೇಳಿದೆ. ಅವರು ತಲೆಯಾಡಿಸಿದ ರೀತಿ ನೋಡಿದರೆ ಅವರಿಗೂ ಅಷ್ಟರಲ್ಲಿ ಗೊತ್ತಾಗಿತ್ತು.

"ಈಗೇನು ಮಾಡೂದ್ರಿ?"

"ಉದ್ದ ಕಾಲು ಮಾಡಿಸುವ. ಈ ಉಕ್ಕು ಬೇರೆ ಕಡೆಯಿಂದ ಬರಬೇಕು, ಬಗ್ಗಿಸಿ ಹದ ಹಾಕಬೇಕು, ಮತ್ತೆ ಇನ್ಸ್‌ಪೆಕ್ಷನ್. ಬರುವ ವರ್ಷಕ್ಕೆ ಆದೀತು."

"ದೊಡ್ಡ ಗಾಲಿ ಹಾಕಿದ್ರ?"

"ಮೂಗಿಗಿಂತ ಮೂಗುತಿ ಭಾರ ಆಗ್ತದೆ."

"ಪಂಖಾ ಕೊಯ್ದ್ರ?"

ಶೆಟ್ಟರು ಗೋಡೆಯ ಕಡೆ ನೋಡಿದರು, ಪಂಖಾವನ್ನು ಬಿಚ್ಚಿ ಮತ್ತೆ ಅಲ್ಲಿಗೇ ಏರಿಸಿದ್ದರು. "ಅದು ಬೇಡ, ಅತ್ತಿಗೆ. ಕೊಯ್ದರೆ ಇಬ್ಬರನ್ನು ಎತ್ಲಿಕ್ಕಿಲ್ಲ. ಮತ್ತೆ ಅದು ಗುರುನಾಥನ ಕೈ ಕೆಲಸ. ನಾವು ಕಾಯುವ."

ಕಾಯುವ ಎಂದರು, ಆದರೆ ಹೇಳುವಾಗ ನನ್ನ ಕಡೆ ನೋಡಲಿಲ್ಲ. ಮುನ್ಸಿಪಾಲಿಟಿ ಶಾಲೆಯಲ್ಲಿ ಕಲಿಸಿದವಳಿಗೆ ಯಾರು ಏನನ್ನು ಬಚ್ಚಿಟ್ಟಿದ್ದಾರೆ ಎಂದು ಹೇಳಲು ಉತ್ತರ ಪತ್ರಿಕೆ ಬೇಕಾಗುವುದಿಲ್ಲ. ಬಿಡದೆ ಕೇಳಿದೆ. ಇಡ್ಲಿಯ ಡಬ್ಬಿ ಮುಚ್ಚುತ್ತ, ತೆರೆಯುತ್ತ ಕೊನೆಗೆ ಹೇಳಿದರು. ವಿಮಾನ ಓಡಿಸುವವರನ್ನು ಆಗಾಗ ಡಾಕ್ಟರು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಬೇಕು. ಈ ಸಲ ಕೊಡುವಾಗಲೇ ಡಾಕ್ಟರು, ಇದೇ ಕೊನೆ, ಮುಂದಿನ ಸಲ ಈ ಹೃದಯಕ್ಕೆ ನಾನು ಸಹಿ ಹಾಕುವುದಿಲ್ಲ ಎಂದಿದ್ದರಂತೆ. ಅದರ ಅವಧಿ ಆ ಚಳಿಗಾಲಕ್ಕೆ ಮುಗಿಯುವುದಿತ್ತು.

"ಅಂದ್ರ ಬರೂ ವರ್ಷ ನೀವು ಹಾರಸಂಗಿಲ್ಲ."

"ಬೇರೆ ಯಾರಾದರೂ ಹುಡುಗ ಸಿಗ್ತಾನೆ. ನಿಮ್ಮನ್ನು ಕೂರಿಸಿಕೊಂಡು ಹೋಗ್ಲಿಕ್ಕೆ ಒಬ್ಬ ಪೈಲಟ್ ಸಿಕ್ಕಿದರೆ ಸಾಕಲ್ಲ. ಗುರುನಾಥನ ಆಸೆಯೂ ಅದೇ."

ಹಳೇ ಹೋಟೆಲ್ ಮೇಜಿನ ಮುಂದೆ ಕೂತು ಆ ಮನುಷ್ಯ ತನ್ನ ಜೀವಮಾನದ ಒಂದೇ ಆಸೆಯನ್ನು ಸಾಂಬಾರಿನ ಡಬ್ಬಿಯಂತೆ ನನ್ನ ಕಡೆ ಸರಿಸುತ್ತಿದ್ದರು. ನಾನು ಎದ್ದು ಹೋಗಿ ವಿಮಾನ ಹತ್ತಿದೆ. ನನ್ನ ಸೀಟಿನಲ್ಲಿ ಕೂತೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೆ ಅದರಲ್ಲಿ ಕೂತು ಹಾರಬೇಕೆಂದು ಬಹಳ ಆಸೆಯಾಗಿತ್ತು. ಜೂನ್‌ನಿಂದ ಅದೇ ಕನಸು. ನನ್ನನ್ನು ಅಳೆದು, ನನಗೆ ತಿಳಿಯದ ಹಾಗೆ ಒಬ್ಬರು ನನಗಾಗಿ ಮಾಡಿದ ಜಾಗ ಈ ಊರಿನಲ್ಲಿ ಅದೊಂದೇ. ಅಲ್ಲಿ ಕೂತಾಗ ಮಾತ್ರ ನಾನು ಒಬ್ಬಳೇ ಎನಿಸುತ್ತಿರಲಿಲ್ಲ. ಎಷ್ಟು ಹೊತ್ತು ಕೂತೆನೋ. ಕೆಳಗಿಳಿದಾಗ ಕಾಲು ಜುಮ್ಮೆನ್ನುತ್ತಿತ್ತು.

"ಕೊಯ್ಯೋಣ್ರಿ," ಎಂದೆ.

ಶೆಟ್ಟರು ಬೇಡವೆಂದರು. ನಾನು ಗರಗಸ ತೆಗೆದುಕೊಂಡೆ. ಅವರು ಮತ್ತೆ ಬೇಡವೆಂದರು. "ಹಾಸಿಗಿ ಇದ್ದಷ್ಟು ಕಾಲು ಚಾಚ್ರಿ ಅಂತಾರ. ನಮ್ಮ ಕಾಲ ಗಿಡ್ಡ ಅದಾವ, ಪಂಖಾನೂ ಗಿಡ್ಡ ಇರ್ಲಿ. ನೀವು ಒಬ್ರ ಹೋಗಿ ಬರ್ರಿ. ಇದು ಯಾರರ ಒಬ್ರನ್ನ ಮ್ಯಾಲ ಒಯ್ಯಲೇಬೇಕು," ಎಂದೆ.

ಆಗ ಶೆಟ್ಟರು ಗೋಡೆಯಿಂದ ಪಂಖಾ ಇಳಿಸಿ ಮೇಜಿನ ಮೇಲಿಟ್ಟರು. ಬಹಳ ಹೊತ್ತು ತುದಿ ಸವರುತ್ತಿದ್ದು, "ಅತ್ತಿಗೆ, ನನಗೆ ಈಗ ನೆನಪಾಯ್ತು," ಎಂದರು. "ಗುರುನಾಥ ಒಮ್ಮೆ ಹೇಳಿದ್ದ. ಎರಕದ ಅಚ್ಚು ಮಾಡುವವರು ಯಾವಾಗಲೂ ಸ್ವಲ್ಪ ಜಾಸ್ತಿ ಬಿಟ್ಟೇ ಮಾಡುವುದಂತೆ. ಆಮೇಲೆ ಬೇಕಾದಷ್ಟು ತೆಗೀಬಹುದು, ಸೇರಿಸ್ಲಿಕ್ಕೆ ಆಗುವುದಿಲ್ಲ ಅಂತ. ಇದನ್ನೂ ಹಾಗೆಯೇ ಬಿಟ್ಟದ್ದು ಅವನು. ಕೊಯ್ಲಿಕ್ಕೆ ಅಂತಲೇ."

ಪ್ಯಾಟರ್ನ್ ಮೇಕರ್‌ಗಳು ಜಾಸ್ತಿ ಬಿಡುವುದು ನಿಜ. ಬಿಸಿ ಲೋಹ ಆರಿದಾಗ ಕುಗ್ಗುತ್ತದೆ, ಅದಕ್ಕೆ. ಆದರೆ ಆ ಜಾಸ್ತಿ ಎಂದರೆ ಉಗುರಿನಷ್ಟು. ತುದಿಗೆ ನಾಲ್ಕು ಬೆರಳು ಯಾರೂ ಬಿಡುವುದಿಲ್ಲ. ಅಷ್ಟು ವರ್ಷ ಅವರ ಜೊತೆ ಉಂಡವಳಿಗೆ ಅದು ಗೊತ್ತಿರಲಿಲ್ಲವೇ? ಅದೂ ಅಲ್ಲದೆ ಕೊಯ್ಯಲೆಂದು ಬಿಟ್ಟ ತುದಿಯನ್ನು ಯಾರೂ ಅಷ್ಟು ನುಣ್ಣಗೆ ತೀಡಿ ವಾರ್ನಿಶ್ ಹಚ್ಚುವುದಿಲ್ಲ. ಶೆಟ್ಟರಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಗಾಗಿತ್ತು.

"ಹೌದ್ರಿ. ನನಗೂ ಹಂಗ ಅಂದಿದ್ರು," ಎಂದೆ.

ಗೆರೆ ನಾನು ಎಳೆದೆ, ಕೊಯ್ದದ್ದು ಶೆಟ್ಟರು. ಕೆಂಪು ಹುಡಿ ಉದುರಿತು, ಗಾಳಾದ ತುಂಬ ಆ ವಾಸನೆ ತುಂಬಿತು. ಎರಡು ತುದಿ ನೆಲಕ್ಕೆ ಬಿದ್ದಾಗ ಇಬ್ಬರೂ ಎತ್ತಿಕೊಳ್ಳಲಿಲ್ಲ. ಆಮೇಲೆ ಹೊಸ ತುದಿಗಳನ್ನು ಗುರುನಾಥರ ಗರಗಸ, ಅರದಿಂದಲೇ ತಿದ್ದಿ ದುಂಡಗೆ ಮಾಡಿದೆವು. ಪಂಖಾದ ನಡುವಿನ ತೂತಿಗೆ ಸಲಾಕೆ ತೂರಿಸಿ ತೂಕಕ್ಕೆ ನಿಲ್ಲಿಸಿದರೆ ಒಂದು ಕಡೆ ಜಗ್ಗುತ್ತಿತ್ತು. ಹಗುರಿದ್ದ ಕಡೆ ವಾರ್ನಿಶಿನ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಹೀಗೆ ಹಚ್ಚುತ್ತ ಹಚ್ಚುತ್ತ ಒಂದು ಸಂಜೆ ಅದು ಯಾವ ಕಡೆಗೂ ವಾಲದೆ ಅಡ್ಡಡ್ಡ ನಿಂತಿತು. ಶೆಟ್ಟರು ಉಸಿರು ಬಿಟ್ಟರೆ ಎಲ್ಲಿ ಅಲುಗುತ್ತದೋ ಎಂದು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಅದನ್ನು ಮತ್ತೆ ವಿಮಾನಕ್ಕೆ ಕೂರಿಸಿದ ಮೇಲೆ ನಾನು ಮೊಣಕಾಲೂರಿ ಇನ್ನೊಮ್ಮೆ ಕೈ ಅಗಲಿಸಿ ಅಳೆದೆ. ಗೇಣು ಸರಿಯಾಗಿ ಹೋಯಿತು.

ಪರವಾನಿಗೆಗೆ ಅಲೆದದ್ದು ಬೇರೆ ಕಥೆ, ಅದನ್ನು ಬರೆಯಲು ಇನ್ನೊಂದು ಮಳೆಗಾಲ ಬೇಕು. ದೀಪಾವಳಿ ಕಳೆದ ಮೇಲೆ ರೆಕ್ಕೆ ಬಿಚ್ಚಿ ಟೆಂಪೋದಲ್ಲಿ ಹೇರಿಕೊಂಡು ಘಟ್ಟ ಹತ್ತಿದೆವು. ಹುಲ್ಲು ಕೊಯ್ಸಿದ್ದೇವೆ ಎಂದು ಜಮೀನಿನವರು ಹೇಳಿದ್ದರು. ಕೊಯ್ಸಿದ್ದರು, ಅಲ್ಲಲ್ಲಿ. ಶೆಟ್ಟರು ಪಟ್ಟಿಯ ಉದ್ದಕ್ಕೂ ನಡೆದು, ಕಲ್ಲು ಆರಿಸಿ ಹಾಕಿ, "ಸಾಕು, ಹೋಗುವ," ಎಂದರು.

ಒಬ್ಬರೇ ಹೋಗುವಾಗ ಖಾಲಿ ಸೀಟಿನ ಬೆಲ್ಟು ಬಿಗಿಯಾಗಿ ಕಟ್ಟಿರಬೇಕು, ಇಲ್ಲದಿದ್ದರೆ ಅದು ಹೊರಳಿ ವಿಮಾನ ನಡೆಸುವ ಕೋಲಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ನಾನು ಕಟ್ಟಿದೆ. ನಾನೇ ಹೊಲಿದ ಕವರಿನ ಮೇಲೆ ಎರಡೂ ಪಟ್ಟಿ ಎಳೆದು, ಬಕಲು ಹಾಕಿ, ಇನ್ನೊಮ್ಮೆ ಎಳೆದು ನೋಡಿದೆ. ಶೆಟ್ಟರು ಮುಂದೆ ನೋಡುತ್ತಿದ್ದರು. "ಅತ್ತಿಗೆ, ಬೇಸರ ಉಂಟಾ?" ಎಂದು ಕೇಳಿದರು. "ಐತ್ರಿ," ಎಂದೆ. ಇಲ್ಲವೆಂದು ಹೇಳಿ ಕಳಿಸಲು ಆಗಲಿಲ್ಲ.

ಇಂಜಿನ್ ಸದ್ದಾಯಿತು, ಪಂಖಾ ಕಾಣದಾಯಿತು. ವಿಮಾನ ಓಡಿತು, ಬಾಲ ಎದ್ದಿತು. ಒಂದು ತಗ್ಗಿನಲ್ಲಿ ಮೂಗು ಕುಕ್ಕಿದ್ದನ್ನು ನೋಡಿ ನಾನು ಕಣ್ಣು ಮುಚ್ಚಿಬಿಟ್ಟೆ. ತೆಗೆದಾಗ ಗಾಲಿಯ ಕೆಳಗೆ ಬೆಳಕಿತ್ತು. ಒಂದು ಗೇಣು, ಒಂದು ಮೊಳ, ಒಂದು ಆಳು. ಆಮೇಲೆ ಅಳೆಯಲು ಬರಲಿಲ್ಲ. ಅದು ತಿರುಗಿ ನನ್ನ ತಲೆಯ ಮೇಲಿಂದ ಹೋಯಿತು. ಆ ಬಯಲಿನಲ್ಲಿ ತಲೆಯೆತ್ತಿ ನಿಂತವಳು ನಾನು. ಗುರುನಾಥ ತಾನು ನಿಲ್ಲುತ್ತೇನೆಂದು ಇಟ್ಟುಕೊಂಡಿದ್ದ ಜಾಗದಲ್ಲಿ ನಾನು ನಿಂತಿದ್ದೇನೆ ಎಂದು ಆಗ ಹೊಳೆಯಿತು. ಅವರಿಲ್ಲ ಎನ್ನುವುದು ಅವತ್ತಿನಷ್ಟು ಎಂದೂ ನನಗೆ ತಿಳಿದಿರಲಿಲ್ಲ.

ಇಳಿದು ಬಂದು ನಿಂತ ಕೂಡಲೇ ನಾನು ಓಡಿದ್ದು ಶೆಟ್ಟರ ಹತ್ತಿರ ಅಲ್ಲ, ಪಂಖಾದ ಹತ್ತಿರ. ಅದು ನಿಂತ ಮೇಲೆ ಬಗ್ಗಿ ನೋಡಿದೆ. ಎರಡೂ ತುದಿಗೆ ಹಸಿರು ಹತ್ತಿತ್ತು. ಹುಲ್ಲಿನ ರಸ, ಇನ್ನೂ ಒದ್ದೆ. ನಾವು ಕೊಯ್ದು ತೆಗೆದ ನಾಲ್ಕು ಬೆರಳು ಅಲ್ಲಿ ಇದ್ದಿದ್ದರೆ ಅದು ಹುಲ್ಲಿಗೆ ನಿಲ್ಲುತ್ತಿರಲಿಲ್ಲ, ಮಣ್ಣಿಗೆ ಹೋಗುತ್ತಿತ್ತು. ಶೆಟ್ಟರು ಬೆಲ್ಟು ಬಿಚ್ಚುತ್ತಿದ್ದರು. ನಾನು ಸೆರಗು ತೆಗೆದು ಮೊದಲು ಒಂದು ತುದಿ, ಆಮೇಲೆ ಇನ್ನೊಂದು ತುದಿ, ಹಸಿರು ಒಂದಿಷ್ಟೂ ಉಳಿಯದ ಹಾಗೆ ಒರೆಸಿದೆ.

ಶೆಟ್ಟರು ಇಳಿದು ಬಂದರು. ಮುಖ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿದ್ದವು, ಹರೆಯದ ಹುಡುಗನ ಹಾಗೆ ಕಾಣುತ್ತಿದ್ದರು. "ಆ ತಗ್ಗಿನಲ್ಲಿ ಒಮ್ಮೆ ಹೆದರಿಕೆಯಾಯ್ತು, ಅತ್ತಿಗೆ. ಜಾಗ ಸಾಕಾಯ್ತಾ?"

"ಬೇಕಾದಷ್ಟಿತ್ರಿ," ಎಂದೆ. "ಅವರ ಅಳತಿ ಸರಿ ಇತ್ತು."

ಶೆಟ್ಟರು ತುದಿಯನ್ನು ನೋಡಿದರು. ಆಮೇಲೆ ನನ್ನ ಸೆರಗಿನ ಕಡೆ ನೋಡಿದರು. ನಾನು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದೆ, ಆದರೆ ತಡವಾಗಿತ್ತು.

"ಹೌದು," ಎಂದರು ಶೆಟ್ಟರು. "ಗುರುನಾಥ ಅಳತೆ ತಪ್ಪುವವನಲ್ಲ."